ಹಬ್ಬದ ದಿನಸಿ: ಹಣ ಉಳಿಸುವ ಬಗೆ

ಹಬ್ಬವೆಂದರೆ ಖರ್ಚು ಎಂಬುದು ನಮ್ಮಲ್ಲಿ ರೂಢಿಯಾದ ಮಾತು. ಆದರೆ ಕತಾರ್‌ಗಾಮ್‌ನಲ್ಲಿರುವ ಒಂದು ಸಾಧಾರಣ ಕನ್ನಡ ಸಂಸಾರದ ದೀಪಾವಳಿಯ ಚೀಟಿಯನ್ನು ಬಿಡಿಸಿ ನೋಡಿದರೆ, ಅದರಲ್ಲಿ ಕಡಲೆಬೇಳೆ, ಬೆಲ್ಲ, ಹಿಟ್ಟು, ಎಣ್ಣೆ, ಒಣಕೊಬ್ಬರಿ ಇವಿಷ್ಟೇ ಕಾಣುತ್ತವೆ. ಇವುಗಳನ್ನು ಕೊನೆಯ ಗಳಿಗೆಯಲ್ಲಿ, ಸಣ್ಣ ಪೊಟ್ಟಣಗಳಲ್ಲಿ, ಉದ್ರಿಯಾಗಿ ಕೊಳ್ಳುವುದರಿಂದ ಹಬ್ಬ ತುಟ್ಟಿಯಾಗುತ್ತದೆ. ಈ ಮೂರನ್ನೂ ತಪ್ಪಿಸುವುದು ಹೇಗೆಂದು ವಿಚಾರಿಸೋಣ.

ಮೊದಲನೆಯದು ಕೊಳ್ಳುವ ದಿನ. ನಮ್ಮ ಬಲಿಪಾಡ್ಯಮಿಯ ಹೊತ್ತಿಗೇ ಗುಜರಾತಿಗಳ ಹೊಸ ವರ್ಷವಾದ ಬೆಸ್ತು ವರಸ್ ಬರುತ್ತದೆ. ಅಲ್ಲಿಂದ ಕಾರ್ತಿಕ ಶುದ್ಧ ಪಂಚಮಿಯ ವರೆಗೆ, ಅಂದರೆ ಇಲ್ಲಿಯವರ ಲಾಭ ಪಂಚಮಿಯ ವರೆಗೆ, ಅನೇಕ ಅಂಗಡಿಗಳ ಬಾಗಿಲು ಹಾಕಿರುತ್ತದೆ. ವಜ್ರದ ಕಾರ್ಖಾನೆಗಳಿಗೂ ಆಗಲೇ ದೀರ್ಘ ರಜೆ. ಆದುದರಿಂದ ಧನತ್ರಯೋದಶಿಯ ಹೊತ್ತಿಗೆ ಜನರೆಲ್ಲ ಒಮ್ಮೆಲೇ ಅಂಗಡಿಗೆ ನುಗ್ಗುತ್ತಾರೆ. ಆ ಗದ್ದಲದಲ್ಲಿ ದರ ವಿಚಾರಿಸಲು, ತೂಕ ನೋಡಲು ಯಾರಿಗೂ ಬಿಡುವಿರುವುದಿಲ್ಲ. ಕೆಡದ ಸಾಮಾನನ್ನು ಹದಿನೈದು ದಿನ ಮುಂಚಿತವಾಗಿ ತಂದಿಟ್ಟು, ತರಕಾರಿಯನ್ನು ಮಾತ್ರ ಕೊನೆಗೆ ಬಿಡುವುದು ಲೇಸು. ರಜೆಯಲ್ಲಿ ಊರಿಗೆ ಹೋಗುವವರು ಎಷ್ಟು ದಿನ ಇಲ್ಲಿ ಒಲೆ ಹೊತ್ತುವುದೋ ಅಷ್ಟಕ್ಕೇ ದಿನಸಿ ತರಬೇಕು.

ಎರಡನೆಯದು ಅಳತೆ. ಗುಜರಾತಿನ ಪೇಟೆಯಲ್ಲಿ ಒಂದು ಮಣವೆಂದರೆ 20 ಕಿಲೋ. ನಮ್ಮ ಊರ ಪೇಟೆಯ ಕ್ವಿಂಟಲ್ ಲೆಕ್ಕಕ್ಕೆ ಹೋಲಿಸಬೇಕಾದರೆ ಇಲ್ಲಿಯ ಮಣದ ದರವನ್ನು ಐದರಿಂದ ಗುಣಿಸಬೇಕು. ಎಣ್ಣೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. 15 ಕಿಲೋ ಡಬ್ಬವೂ ಉಂಟು, 15 ಲೀಟರ್ ಡಬ್ಬವೂ ಉಂಟು. ಒಂದು ಲೀಟರ್ ಶೇಂಗಾ ಎಣ್ಣೆ ಸುಮಾರು 910 ಗ್ರಾಂ ತೂಗುವುದರಿಂದ 15 ಲೀಟರಿನ ಡಬ್ಬದಲ್ಲಿರುವುದು ಸುಮಾರು ಹದಿಮೂರೂವರೆ ಕಿಲೋ ಮಾತ್ರ. ಈ ವ್ಯತ್ಯಾಸವನ್ನು ಗಮನಿಸದಿದ್ದರೆ ಒಂದೂವರೆ ಲೀಟರ್ ಎಣ್ಣೆಯ ಬೆಲೆ ಕೈಬಿಟ್ಟಂತೆ. ಸಣ್ಣ ಪೊಟ್ಟಣಗಳಲ್ಲಿಯೂ ಈಗ ಒಂದೊಂದು ಕಂಪನಿಯ ತೂಕ ಒಂದೊಂದು ಬಗೆ. ಗ್ರಾಮಿಗೋ ಕಿಲೋಗೋ ಎಷ್ಟು ಬೀಳುತ್ತದೆಂಬುದನ್ನು ಪೊಟ್ಟಣದ ಮೇಲೆ ಮುದ್ರಿಸಬೇಕೆಂದು 2021ರಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿದೆ. ಒಟ್ಟು ಬೆಲೆಯ ಪಕ್ಕದಲ್ಲಿ ಆ ಅಂಕಿಯನ್ನು ಹುಡುಕಿ ಓದಿರಿ. ಮಿಠಾಯಿಯನ್ನು ರಟ್ಟಿನ ಪೆಟ್ಟಿಗೆಯ ಸಮೇತ ತೂಗುವುದಕ್ಕೂ ಕಾಯಿದೆಯ ಒಪ್ಪಿಗೆಯಿಲ್ಲ. ಕಿಲೋಗೆ 600 ರೂಪಾಯಿಯ ಮಿಠಾಯಿಯೊಡನೆ 100 ಗ್ರಾಮಿನ ಪೆಟ್ಟಿಗೆ ತೂಗಿದರೆ ರಟ್ಟಿಗೆ 60 ರೂಪಾಯಿ ಕೊಟ್ಟಂತಾಯಿತು.

ಇನ್ನು ಸುಗ್ಗಿಯ ವಿಚಾರ. ಇಲ್ಲಿಯ ಗುಜರಾತಿ ಮನೆಗಳಲ್ಲಿ ವರ್ಷಕ್ಕಾಗುವಷ್ಟು ಗೋಧಿ, ಬೇಳೆ, ಮೆಣಸಿನಪುಡಿಯನ್ನು ಬೇಸಿಗೆಯಲ್ಲೇ ತುಂಬಿಡುವ ವಾಡಿಕೆಯಿದೆ. ಕಾಳನ್ನು ಹಸನು ಮಾಡಿ, ಬಿಸಿಲಿಗೆ ಹಾಕಿ, ಆರಿದ ಮೇಲೆ ತೆಳುವಾಗಿ ಹರಳೆಣ್ಣೆ ಸವರಿ ಬಿಗಿ ಮುಚ್ಚಳದ ಪೀಪಾಯಿಯಲ್ಲಿಟ್ಟರೆ ಹುಳು ಹಿಡಿಯುವುದಿಲ್ಲ. ನಮ್ಮ ಊರ ಕಡೆ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದವರಿಗೆ ಇದು ಹೊಸ ಮಾತೇನಲ್ಲ. ಹೊಸ ತೊಗರಿ ಡಿಸೆಂಬರ್‌ನಿಂದ, ಹೊಸ ಕಡಲೆ ಮತ್ತು ಗೋಧಿ ಫೆಬ್ರವರಿ-ಮಾರ್ಚ್‌ನಿಂದ ಪೇಟೆಗೆ ಬರುತ್ತವೆ. ಆಗ ದರ ಸಾಮಾನ್ಯವಾಗಿ ಇಳಿದಿರುತ್ತದೆ. ದೀಪಾವಳಿಯ ಹೋಳಿಗೆಯ ಬೇಳೆಯನ್ನು ಹೋಳಿ ಹುಣ್ಣಿಮೆಯ ಹೊತ್ತಿಗೇ ಕೊಳ್ಳುವುದು ಜಾಣತನ. ಸೌರಾಷ್ಟ್ರದ ಹೊಸ ಶೇಂಗಾ ಅಕ್ಟೋಬರ್-ನವೆಂಬರ್‌ನಲ್ಲಿ ಬರುವುದರಿಂದ ದೊಡ್ಡ ಎಣ್ಣೆ ಡಬ್ಬವನ್ನು ದೀಪಾವಳಿ ಕಳೆದ ಮೇಲೆ ಕೊಳ್ಳಬಹುದು. ಹಬ್ಬದ ಕರಿದ ತಿಂಡಿಗೆ ಬೇಕಾದಷ್ಟನ್ನು ಮಾತ್ರ ಮೊದಲು ತರಬೇಕು. ಕತಾರ್‌ಗಾಮ್‌ನ ಹೆಸರಾಂತ ಪಾಪಡಿ ನಮ್ಮ ಅವರೆಯ ಜಾತಿಯದೇ. ಉಂಧಿಯುಗಾಗಿ ಸೂರತ್ತೆಲ್ಲ ಅದನ್ನು ಕೊಳ್ಳುವ ಸಂಕ್ರಾಂತಿಯ ಮುನ್ನಾದಿನಕ್ಕಿಂತ ಒಂದು ವಾರ ಮೊದಲೇ ಅದರ ಸಾರು, ಪಲ್ಯ ಮಾಡಿ ಉಣ್ಣಬಹುದು.

ಒಬ್ಬರಿಗೆ ಮಣ ದಿನಸಿ ಹೆಚ್ಚಾಗಬಹುದು. ಒಂಟಿ ಕೋಣೆಯಲ್ಲಿ ಇಡಲು ಜಾಗವೂ ಇರಲಾರದು. ಆದರೆ ಒಂದೇ ಚಾಳಿನ ನಾಲ್ಕು ಮನೆಯವರು ಕೂಡಿ ಒಂದು ಮಣ ಬೇಳೆ ತಂದರೆ ಮನೆಗೆ 5 ಕಿಲೋ ಬರುತ್ತದೆ, ಸಗಟು ದರವೂ ದೊರೆಯುತ್ತದೆ.

ಪಡಿತರ ಚೀಟಿ ಊರಲ್ಲಿದೆಯೆಂದು ಅನೇಕರು ಸುಮ್ಮನಿರುತ್ತಾರೆ. ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ಯೋಜನೆಗೆ ಕರ್ನಾಟಕವು ಸೇರಿದೆ. ಗುಜರಾತ್ ಅದಕ್ಕೂ ಮೊದಲೇ ಸೇರಿತ್ತು. ಆಹಾರ ಭದ್ರತಾ ಕಾಯಿದೆಯ ಆದ್ಯತಾ ಚೀಟಿಯುಳ್ಳವರು ಆಧಾರ್ ಜೋಡಣೆಯಾಗಿದ್ದರೆ ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲೇ ಬೆರಳಚ್ಚು ಕೊಟ್ಟು ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ ಪಡೆಯಬಹುದು. 2023ರ ಜನವರಿಯಿಂದ ಇದಕ್ಕೆ ಬೆಲೆಯಿಲ್ಲ. ಊರಲ್ಲಿರುವ ತಂದೆತಾಯಿಗಳು ತಮ್ಮ ಪಾಲನ್ನು ಅಲ್ಲಿ, ನೀವು ನಿಮ್ಮ ಪಾಲನ್ನು ಇಲ್ಲಿ ಪಡೆಯಲು ಅಡ್ಡಿಯಿಲ್ಲ. ಒಬ್ಬರ ಪಾಲನ್ನು ಎರಡು ಕಡೆ ಪಡೆಯುವಂತಿಲ್ಲ ಅಷ್ಟೇ.

ಕಡೆಯದಾಗಿ ಉದ್ರಿ. ಮುಂಗಡ ಹಣವಿಲ್ಲದೆ ಸುಗ್ಗಿಯಲ್ಲಿ ಕೊಳ್ಳುವುದು ಹೇಗೆಂದು ನೀವು ಕೇಳಬಹುದು. ಸಂಕ್ರಾಂತಿಯ ತಿಂಗಳಿನಿಂದ ಮೊದಲುಗೊಂಡು ತಿಂಗಳಿಗೆ 300 ರೂಪಾಯಿಯಂತೆ ಬೇರೆ ತೆಗೆದಿಟ್ಟರೆ ಹತ್ತು ತಿಂಗಳಿಗೆ 3000 ರೂಪಾಯಿ ಆಗುತ್ತದೆ. ಅದರಲ್ಲೇ ಬೇಸಿಗೆಯ ಬೇಳೆಯನ್ನೂ ಹಬ್ಬದ ಬೆಲ್ಲವನ್ನೂ ನಗದಾಗಿ ತರಬಹುದು. ಅಷ್ಟೇ ಹಣವನ್ನು ಅಂಗಡಿಯ ಪುಸ್ತಕದಲ್ಲಿ ಬರೆಸಿದವನು ಅದನ್ನು ರಜೆ ಮುಗಿದ ಮೇಲೆ ತೀರಿಸಬೇಕು. ಕಾರ್ಖಾನೆ ಮುಚ್ಚಿದ್ದ ತಿಂಗಳ ಸಂಬಳವೇ ಕಡಿಮೆ. ಆಗ ಮೊದಲು ಕತ್ತರಿ ಬೀಳುವುದು ಊರಿಗೆ ಕಳಿಸುವ ಹಣಕ್ಕೆ. ನಾವು ಇಲ್ಲಿ ಉಂಡ ಹೋಳಿಗೆಯ ಸಾಲವನ್ನು ಊರಲ್ಲಿ ಔಷಧಕ್ಕೆ ಕಾದಿರುವ ತಾಯಿ ತೀರಿಸುವಂತಾಗಬಾರದು. ಬಂಧುಗಳು ಇದನ್ನು ಮನೆಯವರೊಡನೆ ಕುಳಿತು ಆಲೋಚಿಸಿ, ಬರುವ ಹಬ್ಬದ ಚೀಟಿಯನ್ನು ಇಂದೇ ಬರೆಯಲಿ.