ಗೋರಿ ಬದಲಿಸಿದ ದೊರೆ

ಗುತ್ತಿ ಬೆಟ್ಟ ಹತ್ತುವ ದಾರಿಯ ಬುಡದಲ್ಲಿ ಇಂಗ್ಲಿಷರ ಕಾಲದ ಒಂದು ಸಣ್ಣ ಸ್ಮಶಾನವಿದೆ. ಕೋಟೆ ನೋಡಲು ಬಂದವರು ಅದರ ಕಡೆ ತಿರುಗುವುದು ಕಡಿಮೆ. ಮರಾಠ ಸರದಾರ ಮುರಾರಿರಾಯ ಕೂತು ಕೆಳಗಿನ ಬಯಲು ನೋಡುತ್ತಿದ್ದನೆಂಬ ಮೇಲಿನ ಕಟ್ಟೆಗೆ ಹೋಗುವ ಆತುರ ಎಲ್ಲರಿಗೂ. ನನಗೆ ಮಾತ್ರ ಕೆಳಗಿನ ಸ್ಮಶಾನವೇ ಮುಖ್ಯ. ನಾನು ಆಂಧ್ರದ ಗಡಿಯ ಕಣೇಕಲ್ಲಿನ ಕರಣಂ, ಅಂದರೆ ಊರ ಲೆಕ್ಕ ಬರೆಯುವವರ, ಮನೆಯವನು. ನಮ್ಮಜ್ಜ, ಅವರಪ್ಪ ಬರೆದಿಟ್ಟ ಭೂಮಿ ಲೆಕ್ಕಕ್ಕೆಲ್ಲ ಮೊದಲ ಗೆರೆ ಹಾಕಿದವನನ್ನು ಹೂಳಿದ್ದು ಅಲ್ಲಿ. ಅವನು ಸರ್ ಥಾಮಸ್ ಮನ್ರೋ.

ಮನ್ರೋ ಅಂದರೆ ಕಂದಾಯದ ಸಾಹೇಬ ಎಂದೇ ನಮ್ಮವರ ನೆನಪು. ಆದರೆ ಅವನು ಮೂಲತಃ ಕುದುರೆ, ಕತ್ತಿಯ ಮನುಷ್ಯ. 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ವ್ಯಾಪಾರಿಯೊಬ್ಬನ ಮಗನಾಗಿ ಹುಟ್ಟಿದ. ಅಮೆರಿಕದ ಯುದ್ಧದಿಂದ ಅಪ್ಪನ ತಂಬಾಕಿನ ವ್ಯಾಪಾರ ಮುಳುಗಿದ ಮೇಲೆ ಮಗ ಕಂಪನಿಯ ಸಿಪಾಯಿಗಿರಿ ಹಿಡಿದು 1780ರಲ್ಲಿ ಮದ್ರಾಸಿಗೆ ಬಂದಿಳಿದ. ಅದೇ ವರ್ಷ ಹೈದರ್ ಅಲಿಯ ದಂಡು ಕರ್ನಾಟಿಕ್ ಬಯಲಿಗೆ ಇಳಿಯಿತು. ಪೊಲ್ಲಿಲೂರಿನಲ್ಲಿ ಕಂಪನಿಯ ಒಂದು ಸೈನ್ಯ ಪೂರಾ ನೆಲಕಚ್ಚಿದಾಗ ಈ ಹುಡುಗ ಸಮೀಪದಲ್ಲೇ ಇದ್ದ ಇನ್ನೊಂದು ಸೈನ್ಯದಲ್ಲಿದ್ದ. ಮುಂದೆ ಹೈದರ್, ಟಿಪ್ಪುವಿನ ಮೇಲಿನ ಯುದ್ಧಗಳು. 1818ರ ಮರಾಠ ಯುದ್ಧದಲ್ಲಂತೂ ಧಾರವಾಡದ ಸೀಮೆಯಲ್ಲೇ ಜನ ಕೂಡಿಸಿಕೊಂಡು ಬಾದಾಮಿ, ಬೆಳಗಾವಿ ಕೋಟೆಗಳನ್ನು ಹಿಡಿದ.

ನಮ್ಮ ಸೀಮೆಗೆ ಅವನು ಬಂದದ್ದು ಈ ಯುದ್ಧಗಳ ನಡುವೆ. ಟಿಪ್ಪು ಸತ್ತ ಮೇಲೆ ನಿಜಾಮನ ಪಾಲಿಗೆ ಹೋಗಿದ್ದ ಬಳ್ಳಾರಿ, ಅನಂತಪುರ, ಕಡಪದ ನಾಡು 1800ರ ಅಕ್ಟೋಬರಿನಲ್ಲಿ ಕಂಪನಿಯ ಕೈಸೇರಿತು. ದತ್ತ ಮಂಡಲ ಎಂದು ಇದಕ್ಕೇ ಹೆಸರು. ಕಲೆಕ್ಟರ್ ಆಗಿ ಬಂದ ಮನ್ರೋಗೆ ಇಲ್ಲಿ ಕಂಡದ್ದು ಊರೂರಿಗೊಬ್ಬ ಪಾಳೇಗಾರ. ಅಂಥವರು ಎಂಬತ್ತು ಜನ ಇದ್ದರೆಂದು ಲೆಕ್ಕ. ನಮ್ಮ ರಾಯದುರ್ಗದ ಪಾಳೇಗಾರರ ಮನೆಯವನೊಬ್ಬನನ್ನು ಇದೇ ಗುತ್ತಿಗೆ ತಂದು ಕಣ್ಗಾವಲಿನಲ್ಲಿ ಇಟ್ಟಿದ್ದರು. ದಂಡಿನ ಬಲದಿಂದ ಪಾಳೇಗಾರರನ್ನು ಅಡಗಿಸಿದ ಮೇಲೆ ಡೇರೆಯಲ್ಲೇ ಸುತ್ತುತ್ತ ಅವನು ಹೊಲ ಅಳೆಸಿದ. 33 ಅಡಿಯ ಸರಪಳಿ. ಉದ್ದಕ್ಕೊಂದು, ಅಗಲಕ್ಕೊಂದು ಸರಪಳಿ ಹಿಡಿದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಎರೆ, ಕೆಂಪು, ಮರಳು ಎಂದು ಮಣ್ಣು ನೋಡಿ ದರ ಕಟ್ಟಿದರು. ಪಾಳೇಗಾರನಿಗಲ್ಲ, ಗುತ್ತಿಗೆದಾರನಿಗಲ್ಲ, ಉಳುವವನ ಹೆಸರಿಗೇ ಪಟ್ಟಾ. ಇದೇ ರೈತವಾರಿ.

ಇಷ್ಟು ಹೇಳಿ ಅವನನ್ನು ದೇವರನ್ನಾಗಿ ಮಾಡಬೇಕಿಲ್ಲ. ಕಂದಾಯ ಭಾರವಾಗಿತ್ತು. ಅದು ಅವನಿಗೂ ಗೊತ್ತಾಗಿ, 1807ರಲ್ಲಿ ಊರಿಗೆ ಹೋಗುವ ಮುಂಚೆ ಕಾಲುಭಾಗ ಇಳಿಸಬೇಕೆಂದು ಬರೆದ. ಮದ್ರಾಸಿನವರು ಕೇಳಲಿಲ್ಲ. 1820ರಲ್ಲಿ ತಾನೇ ಗವರ್ನರ್ ಆಗಿ ಬಂದ ಮೇಲೆಯೇ ಅದು ಇಳಿದದ್ದು. ಆ ನಡುವಿನ ವರ್ಷಗಳಲ್ಲಿ ಹೊಲ ಬಿಟ್ಟು ಹೋದವರ ಗತಿಯೇನು ಎಂದು ಯಾವ ಲೆಕ್ಕದ ಪುಸ್ತಕವೂ ಹೇಳುವುದಿಲ್ಲ.

1827ರ ಬೇಸಿಗೆಯಲ್ಲಿ ಅವನು ಊರಿಗೆ ಹೊರಟಿದ್ದ. ಹೆಂಡತಿ ಅದಾಗಲೇ ಕಾಯಿಲೆಯ ಮಗನೊಂದಿಗೆ ಇಂಗ್ಲೆಂಡಿಗೆ ಹೋಗಿದ್ದಳು. ಹೊಸ ಗವರ್ನರ್ ಬರುವುದು ತಡವಾಯಿತು. ಆ ಬಿಡುವಿನಲ್ಲಿ ಹಳೆಯ ಜಿಲ್ಲೆಗಳಿಗೆ ಒಮ್ಮೆ ಹೋಗಿಬರುತ್ತೇನೆಂದು ಹೊರಟ. ಗುತ್ತಿಗೆ ಬರುವ ಹೊತ್ತಿಗೆ ಅವನ ಪಡೆಯಲ್ಲಿ ಕಾಲರಾ ಕಾಣಿಸಿಕೊಂಡಿತ್ತು. ಜುಲೈ 6ರಂದು ಪತ್ತಿಕೊಂಡದ ಬಿಡಾರದಲ್ಲಿ ಅವನಿಗೇ ತಗುಲಿ ಅದೇ ರಾತ್ರಿ ಸತ್ತ. ಹೆಣವನ್ನು ಗುತ್ತಿಗೆ ತಂದು ಈ ಬೆಟ್ಟದ ಬುಡದಲ್ಲಿ ಮಣ್ಣು ಮಾಡಿದರು. ಕಡಪದ ಕಡೆಯವರು ಇದಕ್ಕೆ ಒಂದು ಕತೆ ಸೇರಿಸುತ್ತಾರೆ: ಪಾಪಾಗ್ನಿ ನದಿ ಬೆಟ್ಟ ಸೀಳಿ ಹರಿಯುವ ಗಂಡಿಯಲ್ಲಿ ಬಂಗಾರದ ತೋರಣ ಕಟ್ಟಿದ್ದು ಅವನ ಕಣ್ಣಿಗೆ ಮಾತ್ರ ಬಿತ್ತಂತೆ, ಅದು ಕಂಡವರು ಹೆಚ್ಚು ದಿನ ಉಳಿಯುವುದಿಲ್ಲವಂತೆ. ಮಂತ್ರಾಲಯದಲ್ಲಿ ರಾಯರು ಬೃಂದಾವನದಿಂದ ಅವನೊಬ್ಬನ ಜೊತೆ ಮಾತಾಡಿದರು ಎಂಬುದನ್ನು ಕನ್ನಡಿಗರಿಗೆ ಮತ್ತೆ ಹೇಳಬೇಕಾಗಿಲ್ಲ.

ನಾಲ್ಕು ವರ್ಷ ಕಳೆದು, 1831ರಲ್ಲಿ, ಸರ್ಕಾರ ಗೋರಿ ತೆಗೆಸಿ ಅವನ ಅವಶೇಷವನ್ನು ಮದ್ರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ಚರ್ಚಿಗೆ ಸಾಗಿಸಿತು. 1839ರಲ್ಲಿ ಮೌಂಟ್ ರೋಡಿನ ಬಳಿ ಕುದುರೆಯ ಮೇಲೆ ಕೂತ ಅವನ ಕಂಚಿನ ಪ್ರತಿಮೆ ಬಂತು. ಗುತ್ತಿಯಲ್ಲಿ ಉಳಿದದ್ದು ಅವನ ಹೆಸರಿನ ಛತ್ರ. ಪತ್ತಿಕೊಂಡದಲ್ಲಿ ಒಂದು ಮೆಟ್ಟಿಲ ಬಾವಿ, ಒಂದು ತೋಪು.

ಹಾಗಾದರೆ ಮನ್ರೋನ ನಾಡಿನಿಂದ ಬಂದ, ದೊಡ್ಡವರಲ್ಲದ ಸೈನಿಕರು ಸತ್ತರೆ ಎಲ್ಲಿ ಹೋಗುತ್ತಿದ್ದರು? ಇದಕ್ಕೆ ಸ್ಕಾಟ್ಲೆಂಡಿನ ಹಳ್ಳಿಯ ಪದ್ಧತಿ ತಿಳಿಯಬೇಕು. ಅಲ್ಲಿನ ಚರ್ಚು ಪ್ರೆಸ್ಬಿಟೇರಿಯನ್ ಪಂಥದ್ದು. ಬಿಷಪ್ಪರಿಲ್ಲ, ಊರಿನಿಂದ ಆರಿಸಿದ ಹಿರಿಯರೂ ಪಾದ್ರಿಯೂ ಕೂತು ಚರ್ಚು ನಡೆಸುತ್ತಾರೆ. ಹಳ್ಳಿಗೊಂದು ಚರ್ಚು, ಅದರ ಸುತ್ತಲ ಅಂಗಳವೇ ಊರಿನ ಸ್ಮಶಾನ. ದಂಡಿನಿಂದ ಬದುಕಿ ಬಂದವನು ಅಪ್ಪ ಅಮ್ಮನ ಮಗ್ಗುಲಲ್ಲಿ ಅಲ್ಲೇ ಮಲಗುತ್ತಿದ್ದ. ದೊಡ್ಡವರಾದರೆ ಗುಡ್ಡಗಳೂ ಮಾತಾಡುತ್ತವೆ: ಮನ್ರೋ ಮೊದಲು ಯಾರ ಕೈಕೆಳಗೆ ಕಾದಿದನೋ ಆ ಹೆಕ್ಟರ್ ಮನ್ರೋ ತನ್ನೂರಿನ ಫೈರಿಷ್ ಗುಡ್ಡದ ಮೇಲೆ ನಾಗಪಟ್ಟಣದ ಕೋಟೆ ಬಾಗಿಲನ್ನು ಹೋಲುವ ಕಮಾನು ಕಟ್ಟಿಸಿದ. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕಿ ಶ್ರೀರಂಗಪಟ್ಟಣದಲ್ಲಿ ಬೇಡಿ ತೊಟ್ಟಿದ್ದ ಡೇವಿಡ್ ಬೇರ್ಡ್ 1799ರ ಮೇ 4ರಂದು ಅದೇ ಪಟ್ಟಣದ ಮೇಲಿನ ಲಗ್ಗೆಗೆ ಮುಂದಾಳಾದ. ಅವನಿಗೂ ಸ್ಕಾಟ್ಲೆಂಡಿನ ಕ್ರೀಫ್ ಬಳಿ ಕಲ್ಲುಕಂಬ ಎದ್ದಿದೆ.

ಹಿಂತಿರುಗದವರಿಗೆ ಊರ ಚರ್ಚಿನ ಅಂಗಳವಿಲ್ಲ. ಅವರಿಗೆ ಗುತ್ತಿ, ಬಳ್ಳಾರಿ, ಶ್ರೀರಂಗಪಟ್ಟಣ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಮುನ್ನೂರಕ್ಕೂ ಹೆಚ್ಚು ಗೋರಿಗಳಿವೆ. ಅವುಗಳಲ್ಲಿ ಹಲವು ಸ್ವಿಟ್ಜರ್ಲೆಂಡಿನ ಡಿ ಮ್ಯೂರೋನ್ ಪಡೆಯವರವು. ಡಚ್ಚರ ಸಂಬಳಕ್ಕೆ ಕಟ್ಟಿದ ಆ ಬಾಡಿಗೆ ಪಡೆ ಆಮೇಲೆ ಬ್ರಿಟಿಷರ ಕಡೆ ಬಂದು ಟಿಪ್ಪುವಿನ ವಿರುದ್ಧ ನಿಂತಿತು. ಪಾಳು ಬಿದ್ದಿದ್ದ ಆ ಜಾಗವನ್ನು ಈಚೆಗೆ ಮ್ಯೂರೋನ್ ಮನೆತನದವರೇ ಮುಂದೆ ನಿಂತು ಸರಿಪಡಿಸಿದರು. ಧಾರವಾಡದಲ್ಲಿ ಕಿತ್ತೂರಿನ ಎದುರು 1824ರಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆಯ ಸ್ಮಾರಕವಿದೆ. ಆ ಯುದ್ಧದ ಕೊನೆಯಲ್ಲಿ ಸತ್ತ ಸೊಲ್ಲಾಪುರದ ಸಬ್ ಕಲೆಕ್ಟರ್ ನಮ್ಮ ಮನ್ರೋನ ಬಂಧುವೇ. ಸ್ಕಾಟರಿಗೆ ತಮ್ಮದೇ ಪಂಥದ ಚರ್ಚು ಈ ಕಡೆ ಬಂದದ್ದು ತಡವಾಗಿ: ಮದ್ರಾಸಿನ ಸೇಂಟ್ ಆಂಡ್ರೂಸ್ 1821ರಲ್ಲಿ, ಬೆಂಗಳೂರು ಕಬ್ಬನ್ ರಸ್ತೆಯ ಸೇಂಟ್ ಆಂಡ್ರೂಸ್ 1866ರಲ್ಲಿ.

ಈ ಗೋರಿಗಳ ನಡುವೆ ನಿಂತರೆ ನನಗೆ ಒಂದೇ ಪ್ರಶ್ನೆ ಏಳುತ್ತದೆ. ಕಂಪನಿಯ ದಂಡಿನಲ್ಲಿ ಹೆಚ್ಚಿನವರು ಈ ನೆಲದವರು. ಟಿಪ್ಪುವಿನ ಕಡೆಯವರಂತೂ ಬಹುಪಾಲು ನಮ್ಮವರು. ಪಾಳೇಗಾರರ ಬಂಟರು, ಬೇಡರು, ಡೇರೆ ಹೊತ್ತವರು, ಎತ್ತು ಹೊಡೆದವರು, ಕಾಲರಾಕ್ಕೆ ಸಿಕ್ಕವರು. ಅವರ ಕಲ್ಲು ಎಲ್ಲಿ? ಸುಟ್ಟವರಿಗೆ ಗೋರಿಯಿಲ್ಲ ಎಂದು ಹೇಳಿ ಮುಗಿಸಬಹುದು. ಆದರೆ ಹೆಸರಿಗೆ ಬೆಂಕಿ ತಾಗಬೇಕಿರಲಿಲ್ಲ.

ಇದು ನನ್ನೊಬ್ಬನ ಗೊಣಗಾಟವಲ್ಲ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಬ್ರಿಟಿಷ್ ಸಾಮ್ರಾಜ್ಯದ ಯುದ್ಧ ಸಮಾಧಿಗಳನ್ನು ನೋಡಿಕೊಳ್ಳಲು ಒಂದು ಆಯೋಗ ಹುಟ್ಟಿತು. ಜನರಲ್‌ಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು, ಜಾತಿ ಧರ್ಮ ಹುದ್ದೆಯ ಭೇದವಿಲ್ಲ ಎಂಬುದು ಅದರ ನಿಯಮ. ಬಹಳ ದೊಡ್ಡ ಮಾತು. ಆದರೆ ಅದೇ ಆಯೋಗ ನೇಮಿಸಿದ ಸಮಿತಿ 2021ರಲ್ಲಿ ಹಳೆಯ ಕಡತ ಬಿಚ್ಚಿ ನೋಡಿದಾಗ, ಆಫ್ರಿಕ ಮತ್ತು ಏಷ್ಯದ ಸಾವಿರಾರು ಸೈನಿಕರಿಗೆ ಆ ಒಂದೇ ಅಳತೆಯ ಕಲ್ಲು ಸಿಕ್ಕಿರಲಿಲ್ಲವೆಂದು, ಎಷ್ಟೋ ಜನರ ಹೆಸರನ್ನೇ ಎಲ್ಲೂ ಕೆತ್ತಿರಲಿಲ್ಲವೆಂದು ಬಯಲಾಯಿತು. ಆಯೋಗ ಕ್ಷಮೆ ಕೇಳಿತು.

ನಮ್ಮ ಹಿರಿಯರ ನಿಯಮ ಬೇರೆ ಇತ್ತು. ಈ ಗಡಿ ಸೀಮೆಯಲ್ಲಿ ಆಂಜನೇಯನ ಗುಡಿ ಹಿಂದೆ, ಕೆರೆ ಏರಿ ಮೇಲೆ, ಹುಣಸೆ ಮರದ ಬುಡದಲ್ಲಿ ವೀರಗಲ್ಲು ನಿಂತಿರುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವನ ಸನ್ನಿಧಿ. ಅದು ಹೆಚ್ಚಾಗಿ ರಾಜನದಲ್ಲ; ಊರ ದನ ಬಿಡಿಸಿಕೊಳ್ಳಲು ಹೋಗಿ ಸತ್ತವನದು. ಮಂಡ್ಯದ ಆತಕೂರಿನಲ್ಲಿ ಹತ್ತನೇ ಶತಮಾನದ ಕಲ್ಲೊಂದು ಸಿಕ್ಕಿದೆ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನೂ ಅದು ಹೆಸರು ಹಿಡಿದು ನೆನೆಯುತ್ತದೆ. ಸಾವಿರ ವರ್ಷದ ಹಿಂದೆ ನಾಯಿಗೆ ಸಿಕ್ಕ ಗೌರವ ಇನ್ನೂರು ವರ್ಷದ ಹಿಂದಿನ ಸಿಪಾಯಿಗೆ ಯಾಕೆ ತಪ್ಪಿತು? ಊರಿಗಾಗಿ ಸತ್ತವನಿಗೆ ಊರು ಕಲ್ಲು ನಿಲ್ಲಿಸುತ್ತದೆ. ಯಾರದೋ ಸಂಬಳಕ್ಕಾಗಿ ದೂರದಲ್ಲಿ ಸತ್ತವನನ್ನು ಸಂಬಳ ಕೊಟ್ಟವನು ಮರೆಯುತ್ತಾನೆ, ಊರಿಗೆ ಸುದ್ದಿಯೇ ಮುಟ್ಟುವುದಿಲ್ಲ.

ಮನ್ರೋನ ವಿಷಯ ಇದಕ್ಕೆ ತಿರುಗುಮುರುಗು. ಗೋರಿ ಹೋದರೂ ಹೆಸರು ಇಲ್ಲೇ ಉಳಿಯಿತು. ಜನ ಅವನನ್ನು ಮಾಂಡವ್ಯ ಋಷಿಯ ಅವತಾರ ಎಂದರು. ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು. ಕೋಟೆಗಳನ್ನು ಗೆದ್ದದ್ದಕ್ಕೆ ಯಾರೂ ಹಾಗೆ ಹೆಸರಿಡುವುದಿಲ್ಲ. ಪಟ್ಟಾ ಬಂದದ್ದಕ್ಕೆ ಇಟ್ಟರು. ಬಾದಾಮಿ ಗೆದ್ದ ಸೇನಾನಿ ಮರೆತುಹೋದ, ಹೊಲ ಅಳೆದವನು ನೆನಪಾದ. ನಮ್ಮಲ್ಲಿ ಹಗರಿ ನದಿಯ ಮರಳು ಗಾಳಿಗೆ ಎದ್ದು ಬಂದು ಹೊಲಗಳ ಮೇಲೆ ಕೂರುತ್ತದೆ. ಸರ್ವೆ ಕಲ್ಲುಗಳೂ ಹೂತುಹೋಗುತ್ತವೆ. ಆಗ ಕಲ್ಲು ಎಲ್ಲಿತ್ತೆಂದು ತಿಳಿಯುವುದು ಕಾಗದ ನೋಡಿಯೇ. ನನ್ನ ಮನೆಯ ಕಸುಬು ಕಲಿಸಿದ್ದು ಇದನ್ನೇ: ಕಲ್ಲು ನಂಬಬೇಡ, ಬರೆದಿಡು.

1984ರಲ್ಲಿ ಆಂಧ್ರದಲ್ಲಿ ಕರಣಂ ಹುದ್ದೆ ರದ್ದಾಯಿತು; ಲೆಕ್ಕಗಳು ಮಂಡಲ ಕಚೇರಿಗೆ ಹೋದವು. ಬರೆಯುವ ಚಟ ಮಾತ್ರ ಮನೆಯಲ್ಲೇ ಉಳಿದಿದೆ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಸೈನ್ಯದಿಂದ ನಿವೃತ್ತರಾಗಿ ಬಂದವರಿದ್ದಾರೆ. ಕೆಲವರು ಕಡಲೆಕಾಯಿ ಬಿತ್ತುತ್ತಾರೆ, ಕೆಲವರು ಬ್ಯಾಂಕಿನ ಬಾಗಿಲು ಕಾಯುತ್ತಾರೆ. ನಾನು ಅವರಲ್ಲಿಗೆ ಹೋಗಿ ಕೂತು ಭೂಮಿ ಲೆಕ್ಕದ ಹಳೆಯ ಅಡಂಗಲ್ ಪುಸ್ತಕದಂತೆ ಕಲಂ ಹಾಕಿದ ನೋಟ್‌ಬುಕ್ಕಿನಲ್ಲಿ ತುಂಬಿಸುತ್ತೇನೆ: ಹೆಸರು, ತಂದೆ ಹೆಸರು, ಯಾವ ಪಡೆ, ಸೇರಿದ ವರ್ಷ, ಬಿಟ್ಟ ವರ್ಷ, ಎಲ್ಲೆಲ್ಲಿ ಇದ್ದದ್ದು, ಜೊತೆಗಿದ್ದು ಹಿಂತಿರುಗದವರು ಯಾರು. ಕೊನೆಯ ಕಲಂಗೆ ಬಂದಾಗ ಅವರು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ, ಒಬ್ಬೊಬ್ಬರ ಊರು, ಅಡ್ಡಹೆಸರು ಎಲ್ಲ ಹೇಳುತ್ತಾರೆ. ನಿಮ್ಮೂರಿನಲ್ಲೂ ಇಂಥವರು ಇದ್ದೇ ಇರುತ್ತಾರೆ. ಈ ಕೆಲಸಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಶಿಲ್ಪಿ ಬೇಕಿಲ್ಲ. ಒಂದು ನೋಟ್‌ಬುಕ್ಕು, ಅವರು ಹೇಳುವಷ್ಟು ಹೊತ್ತು ಕೇಳುವ ಕಿವಿ, ಬರೆದದ್ದರ ಒಂದು ಜೆರಾಕ್ಸ್ ಪಂಚಾಯಿತಿಗೆ ಮತ್ತು ಶಾಲೆಗೆ. ಅವರು ಬದುಕಿರುವಾಗಲೇ ಇದು ಆಗಬೇಕು, ಏಕೆಂದರೆ ಹಿಂತಿರುಗದವರ ಹೆಸರು ಗೊತ್ತಿರುವುದು ಅವರಿಗೆ ಮಾತ್ರ.