ಎಂಜಿನ್ ಸಸಾರ, ಕೂಡಿಸೋದು ತುಟ್ಟಿ

ಸೊಲ್ಲಾಪುರದಿಂದ ಹೈದರಾಬಾದಿನ ಹೆದ್ದಾರಿ ಹಿಡಿದರೆ ಬೋರಾಮಣಿ ಸಿಗುತ್ತದೆ. ಅಲ್ಲಿಯ ಒಂದು ಅಂಗಳದಲ್ಲಿ, ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದು ನಿಂತ ಕಾಂಟೆಸಾ ಕಾರೊಂದನ್ನು ನಾನು ಮೂರು ವರ್ಷ ನೋಡಿದ್ದೇನೆ. ಹಳೆಯ ಎಂಜಿನ್ ಇಳಿಸಿಯಾಗಿತ್ತು. ಹೊಸದಾಗಿ ತಂದದ್ದು ಗೋಣಿಚೀಲ ಸುತ್ತಿಕೊಂಡು ಪಡಸಾಲೆಯ ಮೂಲೆಯಲ್ಲಿತ್ತು. ಎರಡರ ನಡುವೆ ಹದಿನೈದು ಹೆಜ್ಜೆ ದೂರವಿತ್ತು. ಅಷ್ಟನ್ನು ದಾಟಿಸಲು ಮನೆಯವರ ಕೈಯಲ್ಲಿ ದುಡ್ಡು ಉಳಿದಿರಲಿಲ್ಲ. “ಎಂಜಿನ್ ತರೂದು ಸಸಾರ ಐತ್ರಿ, ಕೂಡಸೂದು ತುಟ್ಟಿ” ಎಂದು ಮಿಸ್ತ್ರಿ ಹೇಳಿದ್ದ. ಈ ಅಧ್ಯಾಯಕ್ಕೆ ಅದಕ್ಕಿಂತ ಒಳ್ಳೆಯ ತಲೆಬರಹ ನನಗೆ ಹೊಳೆಯಲಿಲ್ಲ.

ಕಾಂಟೆಸಾದ ಕತೆಯೇ ಎಂಜಿನ್ ಬದಲಾವಣೆಯ ಕತೆ. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ಒಡಲು ತಂದು ಹಿಂದುಸ್ತಾನ್ ಮೋಟರ್ಸ್ 1984ರಲ್ಲಿ ಅದನ್ನು ಹೊರತಂದಾಗ, ಒಳಗೆ ಕೂರಿಸಿದ್ದು ಅಂಬಾಸಿಡರಿನ 1489 ಸಿಸಿ ಎಂಜಿನ್ನನ್ನೇ. ನೋಡಲು ಗಜಗಾತ್ರದ ಕಾರು, ಎಳೆಯಲು ಸುಮಾರು 50 ಅಶ್ವಶಕ್ತಿ. ಏರು ಬಂದರೆ ಏದುಸಿರು. ಆ ದಶಕ ಮುಗಿಯುವ ಮೊದಲೇ ಕಂಪನಿ ಜಪಾನಿನ ಇಸುಜು ಜೊತೆ ಸೇರಿ 1817 ಸಿಸಿ ಎಂಜಿನ್ ತಂದಿತು. ಶಕ್ತಿ 88ಕ್ಕೆ ಏರಿತು. ಅದೇ ಎಂಜಿನ್ ಮುಂದೆ ಅಂಬಾಸಿಡರಿಗೂ ಬಂತು. ಅಲಿಬಾಗ್ ಬಳಿಯ ಚಿಂಕಾರಾ ಮೋಟರ್ಸ್ ಕಟ್ಟಿದ ರೋಡ್‌ಸ್ಟರ್ ಎಂಬ ಇಬ್ಬರು ಕೂರುವ ತೆರೆದ ಸ್ಪೋರ್ಟ್ಸ್ ಕಾರಿಗೂ ಅದೇ ಬಂತು. ಭಾರದ ಕಾಂಟೆಸಾದಲ್ಲಿ ಗಂಭೀರವಾಗಿ ನಡೆಯುತ್ತಿದ್ದ ಎಂಜಿನ್, ಫೈಬರ್ ಮೈಯ ಹಗುರ ರೋಡ್‌ಸ್ಟರಿನಲ್ಲಿ ಜಿಗಿಯತೊಡಗಿತು. ಕಾರು ಚುರುಕೋ ಅಲ್ಲವೋ ಎಂಬುದು ಬರೀ ಅಶ್ವಶಕ್ತಿಯಿಂದ ತೀರ್ಮಾನವಾಗುವುದಿಲ್ಲ. ಒಂದೊಂದು ಅಶ್ವಶಕ್ತಿಯ ಹೆಗಲಿಗೆ ಎಷ್ಟು ಕಿಲೋ ಬೀಳುತ್ತದೆ ಎಂಬುದನ್ನು ನೋಡಬೇಕು. ಖರ್ಚಿಲ್ಲದ ಈ ಭಾಗಾಕಾರವನ್ನು ಮೊದಲು ಮಾಡಿಕೊಳ್ಳಿ.

ಸೊಲ್ಲಾಪುರದವರಿಗೆ ಇನ್ನೊಂದು ನಂಟೂ ಉಂಟು. 1882ರಲ್ಲಿ ಈ ಊರಿನಲ್ಲಿ ಹುಟ್ಟಿದ ವಾಲಚಂದ್ ಹೀರಾಚಂದ್, 1940ರಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನೂ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸನ್ನೂ ಸ್ಥಾಪಿಸಿದವರು. ಅವರು ತೀರಿಕೊಂಡು ಮೂರು ದಶಕವಾದ ಮೇಲೆ, ಅದೇ ಪ್ರೀಮಿಯರ್ ಕಂಪನಿ ಇಟಲಿಯ ಫಿಯಟ್ 124ರ ಒಡಲಿಗೆ ಜಪಾನಿನ ನಿಸಾನ್ ಎಂಜಿನ್ ಕೂಡಿಸಿ 118ಎನ್‌ಇ ಕಾರು ಮಾಡಿತು. ಹೆಸರಿನಲ್ಲಿರುವ ಎನ್‌ಇ ಆ ನಿಸಾನ್ ಎಂಜಿನ್ನಿನ ಗುರುತು.

ಕಾರ್ಖಾನೆಯವರು ಈ ಕೆಲಸ ಮಾಡುವಾಗ ಎಂಜಿನ್ ಒಂದನ್ನೇ ತರಲಿಲ್ಲ. ಇಸುಜು ಎಂಜಿನ್ನಿನ ಜೊತೆ ಐದು ಗೇರಿನ ಪೆಟ್ಟಿಗೆಯೂ ಬಂತು. ಹವ್ಯಾಸಿಗಳು ಎಡವುವುದು ಇಲ್ಲೇ. ಗುಜರಿಯಲ್ಲಿ ಎಂಜಿನ್ ಒಂಟಿಯಾಗಿ ಸಿಕ್ಕರೆ ಅಗ್ಗ ಅನ್ನಿಸುತ್ತದೆ. ಗುಜರಿಗೆ ಸೊಲ್ಲಾಪುರದ ಕಡೆ ಭಂಗಾರ ಅನ್ನುತ್ತಾರೆ. ಬಂಗಾರಕ್ಕೂ ಭಂಗಾರಕ್ಕೂ ಒಂದು ಮಹಾಪ್ರಾಣದ ಅಂತರ. ಎಂಜಿನ್, ಗೇರ್‌ಬಾಕ್ಸ್, ಕ್ಲಚ್, ವೈರಿಂಗ್, ಪಂಪು ಎಲ್ಲ ಒಂದೇ ಕಾರಿನಿಂದ ಇಳಿಸಿದ ಪೂರ್ತಿ ಸೆಟ್ಟಿಗೆ ಹೆಚ್ಚು ಕೊಟ್ಟರೂ ಕೊನೆಗೆ ಉಳಿತಾಯವೇ. ಬೇರೆ ಎಂಜಿನ್ನಿಗೆ ಹಳೆಯ ಗೇರ್‌ಬಾಕ್ಸ್ ಕೂಡಿಸಬೇಕೆಂದರೆ ನಡುವೆ ಒಂದು ಪ್ಲೇಟು ಕೊರೆಸಬೇಕು. ಅದರ ನಡುಬಿಂದು ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್ ಕಿರುಗುಟ್ಟತೊಡಗುತ್ತದೆ. ಮಗ್ಗದ ಊರಾದ ಸೊಲ್ಲಾಪುರದಲ್ಲಿ ಲೇತ್ ಕೆಲಸಕ್ಕೆ ಜನ ಹುಡುಕಬೇಕಿಲ್ಲ, ಆದರೆ ಅಂಥ ಪ್ಲೇಟನ್ನು ಅಂದಾಜಿನ ಮೇಲೆ ಕೊರೆಯಲು ಯಾರಿಂದಲೂ ಆಗದು.

ಗೇರಿನ ಲೆಕ್ಕ ಕಾಗದದ ಮೇಲೇ ಆಗುತ್ತದೆ. ಟೈರಿನ ಸುತ್ತಳತೆ 1.9 ಮೀಟರ್, ಹಿಂದಿನ ಆಕ್ಸಲಿನ ಅನುಪಾತ 4.5 ಎಂದಿಟ್ಟುಕೊಳ್ಳಿ. ಗಂಟೆಗೆ 100 ಕಿ.ಮೀ. ಓಡುವಾಗ ಚಕ್ರ ನಿಮಿಷಕ್ಕೆ ಸುಮಾರು 877 ಸುತ್ತು ತಿರುಗುತ್ತದೆ. ನಾಲ್ಕನೇ ಗೇರು ನೇರ ಗೇರಾಗಿದ್ದರೆ ಎಂಜಿನ್ ಸುಮಾರು 3,950 ಸುತ್ತು ತಿರುಗಬೇಕು. 0.8 ಅನುಪಾತದ ಐದನೇ ಗೇರಿದ್ದರೆ 3,160 ಸಾಕು. ಹೈದರಾಬಾದಿನವರೆಗೆ ಕಿವಿಗೆ ಬೀಳುವ ಸದ್ದು, ಕುಡಿಯುವ ಪೆಟ್ರೋಲು ಎರಡನ್ನೂ ಈ ವ್ಯತ್ಯಾಸವೇ ನಿರ್ಧರಿಸುತ್ತದೆ.

ಇನ್ನು ಬಿಸಿ. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಮೂರನೇ ಒಂದು ಪಾಲಿನಷ್ಟೂ ಚಕ್ರ ತಲುಪುವುದಿಲ್ಲ. ಸರಿಸುಮಾರು ಒಂದು ಪಾಲು ಹೊಗೆಯ ಜೊತೆ ಹೋದರೆ, ಇನ್ನೊಂದು ರೇಡಿಯೇಟರಿನ ನೀರಿಗೆ ಇಳಿಯುತ್ತದೆ. ಎಂಜಿನ್ನಿನ ಶಕ್ತಿ ಹೆಚ್ಚಿಸಿ ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡರೆ ಪುಣೆಯ ಜನವರಿಯಲ್ಲಿ ನಡೆದೀತು. ಆದರೆ ಇದು ಸೊಲ್ಲಾಪುರ. ಮೇ ತಿಂಗಳ ಮಧ್ಯಾಹ್ನ ಪಾದರಸ 42 ಡಿಗ್ರಿ ದಾಟುವ ಸೀಮೆ. ಕಪ್ಪು ಎರೆನೆಲದ ಬಿಸಿಗಾಳಿ ಬಾನೆಟ್ಟಿನೊಳಗೆ ಹೊಕ್ಕರೆ ತಂಪು ಮಾಡುವುದಿರಲಿ, ಇನ್ನಷ್ಟು ಕಾಯಿಸಿದಂತೆ. ಸಣ್ಣ ರೇಡಿಯೇಟರಿನ ಪರೀಕ್ಷೆ ತೆರೆದ ಹೆದ್ದಾರಿಯಲ್ಲಿ ಆಗುವುದಿಲ್ಲ. ಅಕ್ಕಲಕೋಟೆಯಲ್ಲಿ ಹುಣ್ಣಿಮೆಯ ದಿನ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ಗಾಡಿಗಳ ಸಾಲಿನಲ್ಲಿ ತೆವಳುವಾಗ ಆಗುತ್ತದೆ. ಆಗ ಗಾಳಿ ಎಳೆಯುವ ಫ್ಯಾನು ದೊಡ್ಡದಿರಬೇಕು, ಅದನ್ನು ತಿರುಗಿಸಲು ಆಲ್ಟರ್ನೇಟರ್ ಸಮರ್ಥವಿರಬೇಕು.

ಬ್ರೇಕಿನ ಮಾತು ಚಿಕ್ಕದು, ಆದರೆ ಬಿಡುವಂತಿಲ್ಲ. 80ರ ಬದಲು 120ರ ವೇಗದಲ್ಲಿ ಓಡಿದರೆ ಬ್ರೇಕು ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್ ಹಾಕಿಸುವಷ್ಟು ಹಣ ಇಲ್ಲದಿದ್ದರೆ ಎಂಜಿನ್ ಮುಟ್ಟಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ಕಾಗದ. ಹೆಚ್ಚಿನವರು ಅದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಮೊದಲು ನಮೂದಿಸಿದ ವಿವರಕ್ಕೆ ಆರ್‌ಸಿ ಪುಸ್ತಕದ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಖಡಾಖಂಡಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಬೀಳಬಹುದು. ಹಾಗಾಗಿ ರಸ್ತೆಗಿಳಿಯುವ ಕಾರಿಗೆ ಸುರಕ್ಷಿತ ದಾರಿ ಅದೇ ಕಂಪನಿಯ ಅದೇ ಬಗೆಯ ಎಂಜಿನ್. ಅದಕ್ಕೂ ಸೊಲ್ಲಾಪುರದ ಆರ್‌ಟಿಒ ಕಚೇರಿಯ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯಬೇಕು. ಸಿಎನ್‌ಜಿ ಅಥವಾ ಬ್ಯಾಟರಿಗೆ ಮಾರ್ಪಡಿಸಲು ಕಾಯ್ದೆಯಲ್ಲೇ ಬೇರೆ ಅವಕಾಶವಿದೆ, ಕಿಟ್ಟು ಮಾತ್ರ ಅಂಗೀಕೃತವಾಗಿರಬೇಕು. ಟ್ರ್ಯಾಕಿನಲ್ಲಷ್ಟೇ ಓಡಿಸುವ ಕಾರಾದರೆ ಅದನ್ನು ಲಾರಿಗೆ ಹೇರಿಕೊಂಡು ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಕೊಯಮತ್ತೂರಿಗೋ ಒಯ್ಯಬೇಕು. ಆ ಬಾಡಿಗೆಯನ್ನೂ ಬರೆದುಕೊಳ್ಳಿ.

ಹಣದ ಲೆಕ್ಕಕ್ಕೆ ನಾನು ಬಳಸುವ ಅಳತೆ ಸರಳ. ಪೂರ್ತಿ ಸೆಟ್ಟಿಗೆ ಒಂದು ರೂಪಾಯಿ ಎಂದಿಟ್ಟುಕೊಂಡರೆ ಮೌಂಟಿಂಗ್, ಹಿಂದಿನ ಆಕ್ಸಲಿಗೆ ಹೋಗುವ ಶಾಫ್ಟನ್ನು ಕತ್ತರಿಸಿ ಬ್ಯಾಲೆನ್ಸ್ ಮಾಡಿಸುವುದು, ಸೈಲೆನ್ಸರ್ ಕೊಳವೆ, ರೇಡಿಯೇಟರ್, ವೈರಿಂಗ್ ಇವಕ್ಕೆ ಇನ್ನೊಂದು. ಬ್ರೇಕು, ಟೈರು, ಮುಂದಿನ ಸ್ಪ್ರಿಂಗು, ಕೂಲಿ ಸೇರಿ ಮತ್ತೊಂದು. ಮೂರೂ ಕೂಡಿದ ಮೇಲೆ ಅದರ ಕಾಲುಭಾಗವನ್ನು ಬೇರೆ ತೆಗೆದಿಡಬೇಕು. ಬೋಲ್ಟು ಮುರಿಯುತ್ತದೆ, ಹೆಡ್ಡು ಸೀಳಿರುತ್ತದೆ, ಕೊರೆದ ಪ್ಲೇಟನ್ನು ಎರಡನೇ ಸಲ ಕೊರೆಸಬೇಕಾಗುತ್ತದೆ. ಬೋರಾಮಣಿಯ ಆ ಮನೆಯವರು ಮೊದಲ ರೂಪಾಯಿಯನ್ನಷ್ಟೇ ಎಣಿಸಿದ್ದರು. ಕಬ್ಬಿನ ಬಿಲ್ಲು ಬಂದ ವರ್ಷ ಎಂಜಿನ್ ಕೊಂಡರು, ಮರುವರ್ಷ ಮಳೆ ಕೈಕೊಟ್ಟಿತು.

ಅವರು ಮಾಡಿದ ಇನ್ನೊಂದು ಕೆಲಸ ನನ್ನನ್ನು ಇವತ್ತಿಗೂ ಕಾಡುತ್ತದೆ. ಅಂಗಳದಲ್ಲಿ ಜಾಗ ಬೇಕೆಂದು ಹಳೆಯ ಎಂಜಿನ್ನನ್ನು ತೂಕಕ್ಕೆ ಮಾರಿಬಿಟ್ಟರು. ಆರ್‌ಸಿ ಪುಸ್ತಕದಲ್ಲೂ ವಿಮೆಯ ಕಾಗದದಲ್ಲೂ ಬರೆದಿದ್ದದ್ದು ಆ ಎಂಜಿನ್ನಿನ ನಂಬರು. ಹೊಸ ನಂಬರು ಆರ್‌ಸಿಯಲ್ಲಿ ಏರುವ ತನಕ ಹಳೆಯದನ್ನು ಎಣ್ಣೆ ಸವರಿ, ಹಲಗೆಯ ಮೇಲಿಟ್ಟು, ನೀರು ತಾಗದಂತೆ ಮುಚ್ಚಿಡಿ.