ನವಜಾತ ಶಿಶುವಿನ ಅಕ್ಷಿಪಟಲದ ವಿಶಾಲ ಚಿತ್ರ: ಸ್ಪಷ್ಟತೆಯ ಅಗತ್ಯ ಮತ್ತು ಗ್ರಾಮ ಪಂಚಾಯತಿಯ ಪಾತ್ರ



ಅವಧಿಗೆ ಮುನ್ನ ಜನಿಸಿದ ಶಿಶುವಿನ ಕಣ್ಣು ಹೊರಗಿನಿಂದ ಆರೋಗ್ಯವಾಗಿಯೇ ಕಾಣುತ್ತದೆ. ಒಳಗಿನ ಅಕ್ಷಿಪಟಲದ ರಕ್ತನಾಳಗಳು ಮಾತ್ರ ನಡುವಿನಿಂದ ಅಂಚಿನವರೆಗೆ ಬೆಳೆದು ಮುಗಿಯಲು ಗರ್ಭಾವಧಿಯ ಸುಮಾರು 40 ವಾರಗಳೂ ಬೇಕು. ಮೊದಲೇ ಜನಿಸಿದಾಗ ಬೆಳವಣಿಗೆ ಅರ್ಧಕ್ಕೆ ನಿಂತು, ಮುಂದೆ ನಾಳಗಳು ಅಡ್ಡಾದಿಡ್ಡಿಯಾಗಿ ಬೆಳೆದು, ಕೊನೆಗೆ ಅಕ್ಷಿಪಟಲವನ್ನೇ ಎಳೆದು ಕಳಚಬಹುದು. ಇದಕ್ಕೆ ವೈದ್ಯರು ಆರ್‌ಒಪಿ ಎನ್ನುತ್ತಾರೆ. ಸಕಾಲದಲ್ಲಿ ಲೇಸರ್ ಚಿಕಿತ್ಸೆ ದೊರೆತರೆ ಬಹುತೇಕ ಮಕ್ಕಳ ದೃಷ್ಟಿ ಉಳಿಯುತ್ತದೆ.

ಈ ದೋಷ ಆರಂಭವಾಗುವುದು ಅಂಚಿನಲ್ಲಿ. ಸಾಮಾನ್ಯ ಕ್ಯಾಮೆರಾ 30ರಿಂದ 50 ಡಿಗ್ರಿಯಷ್ಟು ನಡುಭಾಗವನ್ನು ಮಾತ್ರ ತೋರಿಸುತ್ತದೆ. ಶಿಶುಗಳಿಗೆಂದೇ ಇರುವ ವಿಶಾಲ ಕ್ಯಾಮೆರಾ 120 ಡಿಗ್ರಿಗೂ ಮೀರಿ ನೋಡಬಲ್ಲದು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಕಾರ್ಯಕ್ರಮದಲ್ಲಿ ತರಬೇತಿ ಪಡೆದ ತಂತ್ರಜ್ಞರು ಇಂತಹ ಕ್ಯಾಮೆರಾವನ್ನು ವಾಹನದಲ್ಲಿ ಜಿಲ್ಲೆಗಳಿಗೆ ಒಯ್ದು, ಚಿತ್ರಗಳನ್ನು ಅಂತರ್ಜಾಲದ ಮೂಲಕ ತಜ್ಞರಿಗೆ ಕಳುಹಿಸುತ್ತಾರೆ.

ಆದರೆ ಕ್ಯಾಮೆರಾ ಬಂದ ಮಾತ್ರಕ್ಕೆ ಚಿತ್ರ ಸ್ಪಷ್ಟವಾಗಿ ಬರುವುದಿಲ್ಲ. ನನ್ನ ಕಾರ್ಯವ್ಯಾಪ್ತಿಯ ತಾಯಿಯೊಬ್ಬರು 1,400 ಗ್ರಾಂ ತೂಕದಲ್ಲಿ ಜನಿಸಿದ ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ತಪಾಸಣೆಗೆ ಹೋಗಿದ್ದರು. ಚಿತ್ರ ಮಸುಕಾಗಿದೆ, ಮುಂದಿನ ವಾರ ಬನ್ನಿ ಎಂಬ ಉತ್ತರ ಬಂತು. ಮುಂದಿನ ವಾರಕ್ಕೆ ಕುಟುಂಬ ಬೆಂಗಳೂರಿಗೆ ಗುಳೆ ಹೋಗಿತ್ತು. ಆಶಾ ಕಾರ್ಯಕರ್ತೆ ಹುಡುಕಿಸಿ ಮತ್ತೆ ತೋರಿಸುವ ಹೊತ್ತಿಗೆ ತಡವಾಗಿ, ಒಂದು ಕಣ್ಣು ಮಾತ್ರ ಉಳಿಯಿತು.

ಮಸುಕಿಗೆ ಕಾರಣಗಳು ಬಹಳ ಸರಳ. ಪಾಪೆ ಪೂರ್ತಿ ಹಿಗ್ಗುವ ಮುನ್ನ ಚಿತ್ರ ತೆಗೆದರೆ ಅಂಚು ಕತ್ತಲಾಗುತ್ತದೆ. ಆದ್ದರಿಂದ ಹನಿ ಹಾಕಿದ ನಂತರ ಕಾಯಲೇಬೇಕು. ಮಸೂರ ಕಣ್ಣಿಗೆ ತಾಗುವಲ್ಲಿ ಹಚ್ಚುವ ಜೆಲ್‌ನಲ್ಲಿ ಗಾಳಿಗುಳ್ಳೆ ಇದ್ದರೆ ಚಿತ್ರ ಕದಡುತ್ತದೆ. ಮಸೂರ ವಾಲಿದರೆ ಒಂದು ಬದಿ ಮರೆಯಾಗುತ್ತದೆ. ಹೆಚ್ಚು ಒತ್ತಿದರೆ ನಾಳಗಳಲ್ಲಿ ರಕ್ತ ಇಳಿದು ರೋಗದ ಲಕ್ಷಣವೇ ಅಡಗಬಹುದು. ಬೆಳಕು ಹೆಚ್ಚಾದರೆ ನಡುಭಾಗ ಬಿಳಿಚುತ್ತದೆ, ಕಡಿಮೆಯಾದರೆ ಅಂಚು ಕಾಣದು. ಒಂದೇ ಚಿತ್ರ ಸಾಲದು. ನಡು, ಮೇಲು, ಕೆಳಗು, ಮೂಗಿನ ಬದಿ, ಕಿವಿಯ ಬದಿ ಎಂದು ಪ್ರತಿ ಕಣ್ಣಿನ ಐದು ದಿಕ್ಕುಗಳೂ ಬೇಕು. ಮಸ್ಕಿಯ ಶಾಸನದಲ್ಲಿ 1915ರಲ್ಲಿ ಅಶೋಕನ ಹೆಸರು ಓದಿದ್ದನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಸವೆದ ಬಂಡೆಯ ಮೇಲೆ ಕಾಗದವನ್ನು ಸಮನಾಗಿ ಒತ್ತದಿದ್ದರೆ ಅಕ್ಷರ ಮೂಡುವುದಿಲ್ಲ, ಇಲ್ಲಿಯೂ ಹಾಗೆಯೇ.

ಎಂಜಿನಿಯರಿಂಗ್ ಓದಿದವನಾಗಿ ಇನ್ನೊಂದು ಮಾತು. ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಆಗಿ ಕಳುಹಿಸಿದರೆ ಅದರ ಗಾತ್ರ ಕುಗ್ಗಿ, ಕೂದಲೆಳೆಯಂತಹ ನಾಳಗಳು ಅಳಿಸಿಹೋಗುತ್ತವೆ. ಮೂಲ ಕಡತವನ್ನೇ ಕಳುಹಿಸಬೇಕು. ಶಿಬಿರದ ಸ್ಥಳದಲ್ಲಿ ಸಂಪರ್ಕ ದುರ್ಬಲವಿದ್ದಲ್ಲಿ ಪಂಚಾಯತಿ ಕಚೇರಿಯ ಭಾರತ್‌ನೆಟ್ ಸಂಪರ್ಕವನ್ನು ಒದಗಿಸಬಹುದು. ಕತ್ತಲು ಮಾಡಬಹುದಾದ ಕೊಠಡಿ, ಕಡಿತವಾಗದ ವಿದ್ಯುತ್ ಇವುಗಳ ವ್ಯವಸ್ಥೆಯೂ ನಮ್ಮ ಕೈಯಲ್ಲಿದೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಮಾರ್ಗಸೂಚಿಯಂತೆ, 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುನ್ನ ಜನಿಸಿದ ಶಿಶುಗಳ ಮೊದಲ ತಪಾಸಣೆ 30 ದಿನಗಳೊಳಗೆ ಆಗಬೇಕು. 28 ವಾರಕ್ಕೂ ಮುನ್ನ ಅಥವಾ 1,200 ಗ್ರಾಂಗೂ ಕಡಿಮೆ ತೂಕದಲ್ಲಿ ಜನಿಸಿದವರಿಗೆ ಎರಡು–ಮೂರು ವಾರಗಳಲ್ಲೇ ಆಗಬೇಕು. ಆಶಾ ಕಾರ್ಯಕರ್ತೆಯರು ಮನೆಭೇಟಿಯಲ್ಲಿ ಗುರುತಿಸಿದ ಇಂತಹ ಮಕ್ಕಳ ದಿನಾಂಕಗಳನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ಪ್ರತಿ ಸಭೆಯಲ್ಲಿ ಓದಿಸತಕ್ಕದ್ದು. ಗುಳೆ ಹೋಗುವ ಕುಟುಂಬವಾದರೆ ಹೋಗುವ ಊರು ಮತ್ತು ಇಬ್ಬರ ದೂರವಾಣಿ ಸಂಖ್ಯೆ ಪಡೆದಿರಬೇಕು. ತಪಾಸಣೆಗೆ ಮುಂಚಿನ ಒಂದು ಗಂಟೆ ಹಾಲುಣಿಸಬಾರದೆಂದು ತಾಯಿಗೆ ಹಿಂದಿನ ದಿನವೇ ತಿಳಿಸುವುದು ಒಳಿತು, ಏಕೆಂದರೆ ವಾಂತಿಯ ಭಯವಿದ್ದರೆ ತಂತ್ರಜ್ಞರು ಕೆಲಸವನ್ನು ಅವಸರದಲ್ಲಿ ಮುಗಿಸುತ್ತಾರೆ.

ಚಿತ್ರ ಮಸುಕಾಗಿದ್ದಲ್ಲಿ ಅದನ್ನು “ದೋಷವಿಲ್ಲ” ಎಂದು ಓದಬಾರದು; “ನೋಡಿಲ್ಲ” ಎಂದೇ ತಿಳಿಯಬೇಕು. ಅಂತಹ ಮಗುವನ್ನು ಮನೆಗೆ ಕಳುಹಿಸುವ ಬದಲು ಅದೇ ದಿನ ನೇತ್ರ ತಜ್ಞರಿಂದ ನೇರವಾಗಿ ಪರೀಕ್ಷೆ ಮಾಡಿಸುವಂತೆ ಸದಸ್ಯರು ಕೇಳಬೇಕು, ಸಿಂಧನೂರಿನಿಂದ ರಾಯಚೂರಿಗೆ ವಾಹನ ಬೇಕಾದರೂ ಸರಿಯೇ.